ಯಾಲ್ಟಾದ ಐದನೇ ನಂಬರಿನ ಮೇಜು

ಆಗೆಲ್ಲ ಲಂಡನ್ ಏರ್‌ಪೋರ್ಟಿನ ಪಕ್ಕದ ಫೆಲ್ಥಮ್ಮಿನ ನಮ್ಮ ಹಿತ್ತಲಿನ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ, ಒಣಹಾಕಿದ ಸೀರೆಗೆ ಎಲ್ಲಿ ಚಕ್ರ ತಾಕುತ್ತದೋ ಎಂದು ಅವ್ವ ಓಡಿಬಂದು ಹಗ್ಗ ಹಿಡಿದು ನಿಲ್ಲುತ್ತಿದ್ದಳು. ತೊಂಬತ್ತರ ದಶಕದ ನಡುವಿನ ಮಾತು. ಕಿಟಕಿಯ ಒಳಮೈಗೆ ಬೆವರು, ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಒಣಗುವ ಕಾಲುಚೀಲ, ಮೆಟ್ಟಿಲ ಕೆಳಗೆ ಊರಿಂದ ಬಂದವರ ಕೈಲಿ ತರಿಸಿದ ಜೋಳದ ಹಿಟ್ಟು. ಆ ಕಾಲದಲ್ಲಿ ಲಂಡನ್ನಿನ ನಮ್ಮವರ ಮನೆಗಳಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ನನಗಾಗ ಹತ್ತು ವರ್ಷ. ಧಾರವಾಡ ಬಿಟ್ಟು ಮೂರು ವರ್ಷವಾಗಿತ್ತು. ಪ್ರತಿ ಭಾನುವಾರ ಅಜ್ಜಿಗೆ ಕನ್ನಡದಲ್ಲಿ ಎರಡು ಪುಟ ಕಾಗದ ಬರೆಯದೆ ಅವ್ವ ಟೀವಿ ಹಚ್ಚಗೊಡುತ್ತಿರಲಿಲ್ಲ. ಇವತ್ತು ಇದನ್ನು ಬರೆಯಲು ಕೈ ಓಡುತ್ತಿರುವುದು ಆ ಜುಲುಮೆಯಿಂದಲೇ. ಮಕ್ಕಳಿದ್ದವರು ಬೇಕಾದರೆ ಗುರುತು ಹಾಕಿಕೊಳ್ಳಿ: ಉಪದೇಶಕ್ಕಿಂತ ಟೀವಿಯ ರಿಮೋಟು ಬೇಗ ಭಾಷೆ ಕಲಿಸುತ್ತದೆ. ಕಾಗದದಲ್ಲಿ ಶಾಲೆ, ಚಳಿ, ಗೆಳತಿಯರು ಎಲ್ಲವನ್ನೂ ನಾನೇ ಬರೆಯುತ್ತಿದ್ದೆ. ಅಪ್ಪನ ವಿಷಯದ ಒಂದು ಸಾಲು ಮಾತ್ರ ಅವ್ವ ಹೇಳಿ ಬರೆಸುತ್ತಿದ್ದಳು. "ಅಪ್ಪ ಆರಾಮ ಅದಾನ. ಕೆಲಸ ಭಾಳ."

ಅಪ್ಪ ಡಾಕ್ಟರ್. ಹೆಸರು ಬಸವರಾಜ. ಸ್ಕಾಲರ್‌ಶಿಪ್ ಮೇಲೆ ಸೋವಿಯತ್ ದೇಶಕ್ಕೆ ಹೋಗಿ, ಕಪ್ಪು ಸಮುದ್ರದ ಸೀಮೆಯ ಒಂದು ಕಾಲೇಜಿನಲ್ಲಿ ಆರು ವರ್ಷ ಓದಿ ಬಂದವನು. ಧಾರವಾಡದ ಕಡೆಯ ಹಳ್ಳಿ ದವಾಖಾನೆಯಲ್ಲಿ ಅವನು ಡಾಕ್ಟರ್ ಸಾಹೇಬ. ಲಂಡನ್ನಿನಲ್ಲಿ ಏರ್‌ಪೋರ್ಟಿನೊಳಗೆ ನಡೆಯಲಾಗದ ಪ್ರಯಾಣಿಕರ ಗಾಲಿಕುರ್ಚಿ ತಳ್ಳುತ್ತಿದ್ದ. ಇಲ್ಲಿ ಡಾಕ್ಟರ್ ಆಗಲು ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಕೂರಲು, ಆರು ವರ್ಷದಲ್ಲಿ ಯಾವ ವಿಷಯವನ್ನು ಎಷ್ಟು ತಾಸು ಓದಿದ್ದಾನೆಂದು ಕಾಲೇಜಿನವರು ಹೊಸ ಸಿಕ್ಕಾ ಒತ್ತಿ ಕೊಟ್ಟ ಕಾಗದ ಬೇಕು. ಸೋವಿಯತ್ ದೇಶವೇ ಒಡೆದುಹೋಗಿತ್ತು. ಅಪ್ಪ ಓದುವಾಗ ಒಂದು ದೇಶದಲ್ಲಿದ್ದ ಕಾಲೇಜು ಈಗ ಇನ್ನೊಂದು ದೇಶದಲ್ಲಿತ್ತು. ಬರೆದ ಕಾಗದಗಳು ಯಾವ ದೇಶದಲ್ಲಿ ಕಳೆದವೋ, ಉತ್ತರ ಬರಲಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ಕಾಗದ ತಲುಪದಿದ್ದರೆ ಅರ್ಜಿ ರದ್ದು ಎಂದು ಪರೀಕ್ಷೆ ನಡೆಸುವ ಲಂಡನ್ನಿನ ಆಫೀಸು ತಿಳಿಸಿತು.

"ನಾನ ಹೋಗಿ ತರ್ತೀನಿ," ಅಂದ ಅಪ್ಪ.

"ಒಬ್ಬರ ಹೋಗಿ ಏನ್ ಮಾಡ್ತೀರಿ? ಮೂರೂ ಮಂದಿ ಹೋಗೂಣು. ಸಾಲಿ ಸೂಟಿ ಅದ," ಅಂದಳು ಅವ್ವ.

ಏರ್‌ಪೋರ್ಟ್ ಕೆಲಸದ ಪುಣ್ಯದಿಂದ ಅಗ್ಗದ ಟಿಕೆಟು ಸಿಕ್ಕಿತು. ಹೊರಡುವ ಮುಂಚಿನ ಎರಡು ವಾರ ಅಡುಗೆಮನೆಯಲ್ಲಿ ಅಪ್ಪ ನನಗೆ ಇಪ್ಪತ್ತು ರಷ್ಯನ್ ಶಬ್ದ ಕಲಿಸಿದ. 'ದಾ' ಅಂದರೆ ಹೌದು. 'ನ್ಯೆತ್' ಅಂದರೆ ಇಲ್ಲ. 'ಪಾಪಾ' ಅಂದರೆ ಅಪ್ಪ. 'ಬುಮಾಗಾ' ಅಂದರೆ ಕಾಗದ. ಅವ್ವ ಅದೇ ಹೊತ್ತಿಗೆ ಕಟಕ ರೊಟ್ಟಿ ತಟ್ಟಿ ಒಣಗಿಸಿ ತಗಡಿನ ಡಬ್ಬಿ ತುಂಬಿದಳು. ಬೆಳ್ಳುಳ್ಳಿ ಜಾಸ್ತಿ ಹಾಕಿ ಶೇಂಗಾ ಚಟ್ನಿ ಕುಟ್ಟಿದಳು. ಯಾರಿಗಾದರೂ ಕೊಡಲು ಬೇಕಾದೀತೆಂದು ಗಂಧದ ಸಾಬಾಣ ಇಟ್ಟುಕೊಂಡಳು.

ಕಾಲೇಜಿನ ಊರು ಸಮುದ್ರಕ್ಕೂ ಮುಂಚೆ, ಗುಡ್ಡದ ಈಚೆ ಇತ್ತು. ಹೋದರೆ ಬಾಗಿಲಿಗೆ ಬೀಗ. ಆಗಸ್ಟ್ ತಿಂಗಳು ಎಲ್ಲರಿಗೂ ರಜೆ. ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡುವ ಗಲೀನಾ ಪೆತ್ರೋವ್ನಾ ಲಿವರಿನ ಚಿಕಿತ್ಸೆಗೆ ಯಾಲ್ಟಾಕ್ಕೆ ಹೋಗಿದ್ದಾರೆ, ತಿಂಗಳು ಕಳೆದು ಬರುತ್ತಾರೆ ಎಂದ ಕಾವಲುಗಾರ. ಅವ್ವನ ಮುಖ ಇಳಿಯಿತು. ಅಪ್ಪನ ಮುಖ ಮಾತ್ರ ಅರಳಿತು.

"ಗಲೀನಾ ಪೆತ್ರೋವ್ನಾ ಇನ್ನೂ ಅದಾರ!" ಅಂದ. "ಯಾಲ್ಟಾ ಅಂದ್ರ ಇಲ್ಲೇ, ಗುಡ್ಡದ ಆಕಡೆ. ಕರೆಂಟಿನ ಬಸ್ ಹೋಗ್ತದ."

ತಲೆಯ ಮೇಲಿನ ತಂತಿ ಹಿಡಿದು ಓಡುವ ಆ ಬಸ್ಸು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದು ತಿರುವಿನಲ್ಲಿ ಸಮುದ್ರ ಕಂಡಿತು. ದಾರಿಯ ಪಕ್ಕ ಮುದುಕಿಯರು ಕೊರಳಿಗೆ ಮಾಲೆ ಹಾಕಿಕೊಂಡು ನಿಂತಿದ್ದರು. ಹೂವಿನದಲ್ಲ, ಉಳ್ಳಾಗಡ್ಡಿಯದು! ನೇರಳೆ ಬಣ್ಣದ, ಚಪ್ಪಟೆ ಉಳ್ಳಾಗಡ್ಡಿಗಳನ್ನು ಜಡೆ ಹೆಣೆದಂತೆ ಹೆಣೆದಿದ್ದರು. ಬಸ್ಸು ನಿಂತಲ್ಲಿ ಅವ್ವ ಇಳಿದೇಬಿಟ್ಟಳು. ಒಬ್ಬ ಮುದುಕಿ ಒಂದು ಗಡ್ಡೆ ಹೆಚ್ಚಿ ನನ್ನ ಬಾಯಿಗಿಟ್ಟಳು. ಸೇಬಿನ ಹಾಗೆ ಸಿಹಿ. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಅವ್ವನ ಚೌಕಾಸಿ ನಾನು ಸರಿಯಾಗಿ ನೋಡಿದ್ದು ಅವತ್ತೇ. ಭಾಷೆ ಬಾರದು. ಮಾಲೆಯನ್ನು ಕೈಯಲ್ಲಿ ತೂಗಿ ನೋಡಿದಳು. ಮೂಸಿದಳು. ಒಂದು ಗಂಧದ ಸಾಬಾಣ ತೆಗೆದು ಮುದುಕಿಯ ಮೂಗಿಗೆ ಹಿಡಿದಳು. ಮುದುಕಿ ಎರಡು ಬೆರಳು ತೋರಿಸಿದಳು. ಅವ್ವ ಮಾಲೆ ಕೆಳಗಿಟ್ಟು ತಿರುಗಿ ಮೂರು ಹೆಜ್ಜೆ ನಡೆದಳು. ಮೂರನೇ ಹೆಜ್ಜೆಗೆ ಮುದುಕಿ ಕೂಗಿದಳು. ಒಂದು ಸಾಬಾಣಕ್ಕೆ ಒಂದು ಮಾಲೆ.

"ನೆನಪಿಟ್ಕೋ ಗೌರಾ," ಅಂದಳು, ಉಸಿರು ಬಿಡುತ್ತ. "ಮೂರ ಹೆಜ್ಜಿ. ಎರಡಕ್ಕ ನಿಂತ್ರ ಆಸೆ ಕಾಣ್ತದ. ನಾಲ್ಕ ಹೋದ್ರ ಸಿಟ್ಟ ಅಂತಾರ."

ಇವತ್ತಿಗೂ ನನ್ನ ಅಂಗಡಿಗೆ ಮಾಲು ಕೊಡುವ ಹೋಲ್‌ಸೇಲಿನವರ ಮುಂದೆ ನಾನು ನಡೆಯುವುದು ಮೂರೇ ಹೆಜ್ಜೆ. ನೀವೂ ಮಾಡಿ ನೋಡಿ.

ಗಲೀನಾ ಪೆತ್ರೋವ್ನಾ ಇದ್ದದ್ದು ಸಮುದ್ರದ ಮೇಲುಗಡೆಯ ಒಂದು ಸ್ಯಾನಟೋರಿಯಂನಲ್ಲಿ. ಅದು ಹೋಟೆಲೂ ಹೌದು, ಆಸ್ಪತ್ರೆಯೂ ಹೌದು. ಬಿಳಿ ಕಂಬಗಳು, ಫಿನೈಲು ಮತ್ತು ಬೇಯಿಸಿದ ಎಲೆಕೋಸಿನ ವಾಸನೆ. ಚಿಕಿತ್ಸೆಗೆ ಬಂದವರನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ. ಹಾಗಾಗಿ ಅಪ್ಪ ನಮ್ಮ ಮೂವರನ್ನೂ ಒಂದು ವಾರಕ್ಕೆ ರೋಗಿಗಳೆಂದು ಬರೆಸಿದ. ಅಲ್ಲಿನ ಕ್ರಮದಲ್ಲಿ ಊಟವೂ ಔಷಧವೇ. ಯಾವ ರೋಗಕ್ಕೆ ಯಾವ ನಂಬರಿನ ಮೇಜು ಎಂದು ಡಾಕ್ಟರು ಬರೆದುಕೊಡಬೇಕು. ಬಿಳಿ ಟೊಪ್ಪಿಗೆಯ ಲೇಡಿ ಡಾಕ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನಾವು ಮಾಂಸ ತಿನ್ನುವುದಿಲ್ಲ ಎಂದು ಅಪ್ಪ ಹೇಳಿದ್ದೇ ತಡ, ಅವರು ಮೂವರ ಹೊಟ್ಟೆಯನ್ನೂ ಒತ್ತಿ ನೋಡಿ ತಲೆಯಾಡಿಸಿದರು.

"ಏನಂತಾಳ್ರೀ?" ಅಂದಳು ಅವ್ವ.

"ಲಿವರ್ ಕೆಟ್ಟದ ಅಂತಾರ."

"ಯಾರದು?"

"ಮೂರೂ ಮಂದೀದು."

"ಇಕಿ ಲಿವರ್ ಕೆಟ್ಟೀತು! ನಮ್ಮಜ್ಜ ತೊಂಬತ್ತು ವರ್ಷ ರೊಟ್ಟಿ ಪಲ್ಯ ತಿಂದ ಬದುಕ್ಯಾನ ಅಂತ ಹೇಳ್ರಿ. ನೀವೂ ಡಾಕ್ಟರ್ ಅದೀರಿ ಅಂತ ಹೇಳ್ರಿ."

"ಹೇಳ್ದೆ. ಡಾಕ್ಟರಿಗೂ ಲಿವರ್ ಇರ್ತದ ಅಂದ್ರು."

ಹೀಗೆ ನಮಗೆ ಸಿಕ್ಕಿದ್ದು ಐದನೇ ನಂಬರಿನ ಮೇಜು. ಲಿವರ್ ರೋಗಿಗಳ ಉದ್ದನೆಯ ಮೇಜು. ಖಾರವಿಲ್ಲ, ಒಗ್ಗರಣೆಯಿಲ್ಲ, ಹಸಿ ಉಳ್ಳಾಗಡ್ಡಿಯಂತೂ ವಿಷ. ಉಪ್ಪು ಕಾಣದ ರವೆಯ ಗಂಜಿ, ಹಬೆಯಲ್ಲಿ ಬೆಂದ ಗಜ್ಜರಿಯ ಉಂಡೆ, ಹುಳಿ ಮಜ್ಜಿಗೆಯಂಥದ್ದೊಂದು ಲೋಟ. ಸುತ್ತ ಕುಳಿತ ಹಳದಿ ಮುಖದ ಹೆಂಗಸರು ನನ್ನನ್ನು ನೋಡಿ, ಇಷ್ಟು ಸಣ್ಣ ವಯಸ್ಸಿಗೇ ಲಿವರ್ ಹೋಯಿತಲ್ಲ ಎಂದು ಕಣ್ಣೊರೆಸಿಕೊಂಡರು. ಅದರ ಲಾಭವೆಂದರೆ, ಎಲ್ಲರ ಪಾಲಿನ ಸಿಹಿ ಬಿಸ್ಕತ್ತು ನನ್ನ ತಟ್ಟೆಗೆ ಬರುತ್ತಿತ್ತು. ನಾನು ಇನ್ನಷ್ಟು ಬಾಡಿದ ಮುಖ ಮಾಡಿದೆ.

ಆಗ ಕೋಲೂರಿಕೊಂಡು ಒಬ್ಬ ಎತ್ತರದ ಮುದುಕಿ ಬಂದರು. ಗೋರಂಟಿ ಹಚ್ಚಿದಂಥ ಕೆಂಪು ಕೂದಲು. ಅಪ್ಪ ತಟ್ಟನೆ ಎದ್ದು ನಿಂತ, ಶಾಲೆಯಲ್ಲಿ ಎದ್ದು ನಿಲ್ಲುವ ಹಾಗೆ. ಮುದುಕಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಬಾಸ್ಯಾ?"

ಅವ್ವನ ಕೈಯಿಂದ ಚಮಚ ಜಾರಿತು. ನಮ್ಮ ಮನೆತನದಲ್ಲಿ ಅಪ್ಪನನ್ನು ಬಸ್ಯಾ ಅನ್ನುವ ಹಕ್ಕಿದ್ದದ್ದು ಅಜ್ಜಿ ಒಬ್ಬಳಿಗೇ. ಗಲೀನಾ ಪೆತ್ರೋವ್ನಾ ಅಪ್ಪನ ಎರಡೂ ಕೆನ್ನೆ ಹಿಡಿದು ಮುದ್ದಿಟ್ಟರು. ಇಬ್ಬರೂ ಒಟ್ಟೊಟ್ಟಿಗೆ ಮಾತಾಡಿದರು, ನಕ್ಕರು. ಅಪ್ಪನಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಫೆಲ್ಥಮ್ಮಿನ ಅಪ್ಪ ಇಂಗ್ಲಿಷಿನಲ್ಲಿ ಎರಡೇ ಶಬ್ದದ ಮನುಷ್ಯ: 'ಸಾರಿ ಸರ್', 'ಥ್ಯಾಂಕ್ಯೂ ಮೇಡಂ'. ಈ ಅಪ್ಪ ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ನಡುವೆ ಮುದುಕಿ ಏನೋ ಕೇಳಿದರು. ಅಪ್ಪ ಒಂದು ಗಳಿಗೆ ತಡೆದ. ಆಮೇಲೆ "ದಾ" ಅಂದ. ಮುದುಕಿ ಇಡೀ ಮೇಜಿಗೆ ಕೇಳುವಂತೆ, ಇವನು ನಮ್ಮ ಹುಡುಗ, ಈಗ ಲಂಡನ್ನಿನ ದೋಕ್ತರ್ ಎಂದು ಸಾರಿದರು. ಅಷ್ಟು ರಷ್ಯನ್ ನನಗೂ ತಿಳಿಯಿತು.

ಸಂಜೆ ಸಮುದ್ರದ ದಂಡೆಗೆ ಹೋದೆವು. ಮರಳಲ್ಲ, ಮೊಟ್ಟೆಯಂಥ ಕಲ್ಲುಗಳು. ನಡೆದರೆ ಅಂಗಾಲು ಚುರುಗುಟ್ಟುತ್ತಿತ್ತು. ದಪ್ಪ ಹೆಂಗಸರು ಸುಡದಿರಲೆಂದು ಮೂಗಿನ ಮೇಲೆ ಒಂದೊಂದು ಎಲೆ ಅಂಟಿಸಿಕೊಂಡು, ಬಿಸಿಲಿಗೆ ಕೈ ಚಾಚಿ ಕಂಬದ ಹಾಗೆ ನಿಂತಿದ್ದರು. ಬಕೆಟ್ಟಿನಲ್ಲಿ ಬಿಸಿ ಗೊಂಜಾಳದ ತೆನೆ ಹೊತ್ತು ಒಬ್ಬಳು ಕೂಗುತ್ತಿದ್ದಳು. ಉಪ್ಪು ಸವರಿದ ಆ ತೆನೆಯ ಹಬೆಯಲ್ಲಿ ಧಾರವಾಡದ ಮಳೆಗಾಲದ ವಾಸನೆಯಿತ್ತು. ನಾನು ತಿನ್ನುತ್ತ ಕುಳಿತಿದ್ದೆ. ಬೆನ್ನ ಹಿಂದೆ ಅವ್ವ ಕೇಳಿದಳು.

"ಏನ್ ಕೇಳಿದ್ರು ಅವರು?"

"ಲಂಡನ್ ದವಾಖಾನ್ಯಾಗ ಕೆಲಸ ಮಾಡ್ತೀಯೇನು ಅಂದ್ರು."

"ನೀವೇನಂದ್ರಿ?"

"ಹೂಂ ಅಂದೆ."

"ಹೂಂ ಅಂದ್ರ್ಯಾ? ಹಂಗಾರ ಕಾಗದ ಹೆಂಗ ಕೇಳಾವ್ರು? ಡಾಕ್ಟರ್ ಆದವಗ ಡಾಕ್ಟರ್ ಆಗೋ ಕಾಗದ ಯಾಕ ಬೇಕು ಅಂದ್ರ?"

"ಬಂದ ಮೊದಲನೇ ಚಳಿಗಾಲಕ್ಕ ತಮ್ಮ ಗಂಡನ ಕೋಟ್ ತಂದು ನನಗ ಹಾಕಿದವರು ಅವರು. ಇಪ್ಪತ್ತು ವರ್ಷ ಆದಮ್ಯಾಲ, ಕುರ್ಚಿ ತಳ್ತೀನಿ ಅಂತ ಹೆಂಗ ಹೇಳ್ಲಿ?" ಅಪ್ಪ ಎಸೆದ ಒಂದು ಕಲ್ಲು ನೀರಿಗೆ ಬಿತ್ತು. "ಇರ್ಲಿ. ನಾಳೆ ಕೇಳ್ತೀನಿ."

ಆ ನಾಳೆ ಬರಲಿಲ್ಲ. ಪ್ರತಿ ಬೆಳಿಗ್ಗೆ ಗಲೀನಾ ಪೆತ್ರೋವ್ನಾ ಕೋಲು ಕುಟ್ಟುತ್ತ ಬಂದು "ದೋಬ್ರೊಯೆ ಉತ್ರೊ, ದೋಕ್ತರ್" ಅನ್ನುತ್ತಿದ್ದರು. ಶುಭೋದಯ, ಡಾಕ್ಟರೇ. ಅಪ್ಪ ಎದ್ದು ಅವರ ಕುರ್ಚಿ ಎಳೆದು ಕೂರಿಸುತ್ತಿದ್ದ. ಎರಡನೇ ದಿನದಿಂದ ಐದನೇ ಮೇಜಿನ ಎಲ್ಲರೂ ಅವನಿಗೆ ದೋಕ್ತರ್ ಅನ್ನತೊಡಗಿದರು. ಒಬ್ಬರು ರಕ್ತಪರೀಕ್ಷೆಯ ಚೀಟಿ ತಂದರು, ಇನ್ನೊಬ್ಬರು ನಾಲಿಗೆ ಚಾಚಿದರು. ಅಪ್ಪ ಕಿಟಕಿಯ ಬೆಳಕಿಗೆ ಅವರ ಕಣ್ಣ ರೆಪ್ಪೆ ಎತ್ತಿ ನೋಡುವಾಗ ಅವನ ಬೆರಳು ಎಷ್ಟು ಹಗುರ! ಆ ಬೆರಳು ನನಗೆ ಹೊಸದು. ಮೂರನೇ ದಿನ ಅವನು ಅಂಗಿ ಬಿಚ್ಚಿಟ್ಟು ಸಮುದ್ರಕ್ಕೆ ಧುಮುಕಿ, ದೂರದಲ್ಲಿ ನೀರಿನ ಮೇಲೆ ತೇಲುವ ಕೆಂಪು ಡ್ರಮ್ಮಿನವರೆಗೆ ಈಜಿ ಬಂದ.

"ಹನ್ನೆರಡ ವರ್ಷ ಸಂಸಾರ ಮಾಡೀನಿ," ಅಂದಳು ಅವ್ವ, ಮೊಣಕಾಲವರೆಗೆ ಸೀರೆ ನೆನೆಸಿಕೊಂಡು. "ಈಸು ಬರ್ತದ ಅಂತ ಒಮ್ಮೆರ ಹೇಳ್ಯಾರೇನು?"

ಅವಳು ನಗುತ್ತಿದ್ದಳು, ಆದರೆ ಕಣ್ಣಿನಲ್ಲಿ ಉಳಿದ ದಿನಗಳ ಲೆಕ್ಕವಿತ್ತು. ಗಂಡನ ಮುಖಕ್ಕೆ ಹೊಡೆದಂತೆ ತಾನೇ ಹೋಗಿ ಹೇಳಲು ಅವಳಿಗೆ ಆಗದು. ಹೇಳಲು ಭಾಷೆಯೂ ಇಲ್ಲ.

ಐದನೇ ದಿನ ಮಧ್ಯಾಹ್ನ ನಾನು ಡಬ್ಬಿ ತೆಗೆದೆ. ಅಲ್ಲಿ ಊಟವಾದ ಮೇಲೆ ಎರಡು ತಾಸು ಎಲ್ಲರೂ ಕಡ್ಡಾಯವಾಗಿ ಮಲಗಬೇಕು. ಅಪ್ಪ ನಿದ್ದೆ ಹೋಗಿದ್ದ. ನನ್ನ ಬುದ್ಧಿ ಇಷ್ಟೇ: ಮುದುಕಿ ಹದಿನೈದು ದಿನದಿಂದ ಸಪ್ಪೆ ತಿಂದು ತಿಂದು ಬಾಯಿ ಕೆಟ್ಟಿದ್ದಾಳೆ. ಹಸಿದವರ ಹತ್ತಿರ ವ್ಯಾಪಾರ ಸುಲಭ. ಎರಡು ರೊಟ್ಟಿ, ಎರಡು ನೇರಳೆ ಉಳ್ಳಾಗಡ್ಡಿ, ಕಾಗದದಲ್ಲಿ ಚಟ್ನಿ. ಕಟ್ಟುತ್ತಿದ್ದಾಗ ಹಿಂದೆ ಬಳೆ ಸದ್ದಾಯಿತು. ಅವ್ವ ಎದ್ದು ಕುಳಿತಿದ್ದಳು. ನನ್ನನ್ನೂ ಪೊಟ್ಟಣವನ್ನೂ ನೋಡಿದಳು. ಪೊಟ್ಟಣ ಇಸಿದುಕೊಂಡು ಇನ್ನೂ ನಾಲ್ಕು ರೊಟ್ಟಿ, ಮೂರು ಚಮಚ ಚಟ್ನಿ ಸೇರಿಸಿ ಕಟ್ಟಿಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.

ಗಲೀನಾ ಪೆತ್ರೋವ್ನಾ ಹಾಸಿಗೆಯಲ್ಲಿ ಕುಳಿತು ಏನೋ ಓದುತ್ತಿದ್ದರು. ಪೊಟ್ಟಣ ಬಿಚ್ಚಿದೆ. ಅವರು ಬಾಗಿಲ ಕಡೆ ನೋಡಿ, ಅದನ್ನು ಮುಚ್ಚು ಎಂದು ಸನ್ನೆ ಮಾಡಿದರು. ರೊಟ್ಟಿ ಮುರಿದಾಗ ಟಪ್ ಎಂದು ಸದ್ದಾಯಿತು. ಇಬ್ಬರೂ ಬೆಚ್ಚಿ ನಕ್ಕೆವು. ಚಟ್ನಿ ನಾಲಿಗೆಗೆ ತಾಕಿದ್ದೇ ಕಣ್ಣು ಮುಚ್ಚಿದರು. ಕೆನ್ನೆ ಕೆಂಪಾಯಿತು. ಉಳ್ಳಾಗಡ್ಡಿ ಕಚ್ಚಿದರು, ಮತ್ತೆ ಚಟ್ನಿ, ಮತ್ತೆ ರೊಟ್ಟಿ. ಲಿವರು, ಡಾಕ್ಟರು, ಐದನೇ ನಂಬರು ಯಾವುದೂ ಅವರಿಗೆ ನೆನಪಿರಲಿಲ್ಲ.

ಎರಡನೇ ರೊಟ್ಟಿಗೆ ಕೈಹಾಕಿದಾಗ ನಾನು ಬಾಯಿಬಿಟ್ಟೆ. "ಪಾಪಾ... ಲಂಡನ್... ದೋಕ್ತರ್ ನ್ಯೆತ್."

ಅವರು ಅಗಿಯುವುದನ್ನು ನಿಲ್ಲಿಸಿದರು.

"ಬುಮಾಗಾ ನ್ಯೆತ್, ದೋಕ್ತರ್ ನ್ಯೆತ್." ಹಾಗಾದರೆ ಏನು ಮಾಡುತ್ತಾನೆ ಎಂಬಂತೆ ಅವರು ಹುಬ್ಬೇರಿಸಿದರು. ನನ್ನ ಇಪ್ಪತ್ತು ಶಬ್ದದಲ್ಲಿ ಗಾಲಿಕುರ್ಚಿ ಇರಲಿಲ್ಲ. ಕೋಣೆಯಲ್ಲಿದ್ದ ಕುರ್ಚಿಯ ಬೆನ್ನು ಹಿಡಿದೆ. ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ, ಏರ್‌ಪೋರ್ಟಿನಲ್ಲಿ ಒಮ್ಮೆ ದೂರದಿಂದ ನೋಡಿದ್ದ ಹಾಗೆಯೇ, ಅದನ್ನು ಗೋಡೆಯಿಂದ ಗೋಡೆಗೆ ತಳ್ಳಿದೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರ್ ಅಂದಿತು. "ಸಾರಿ ಸರ್. ಥ್ಯಾಂಕ್ಯೂ ಮೇಡಂ," ಅಂದೆ.

ಅವರ ತುಟಿಯ ಮೇಲೆ ಚಟ್ನಿಯ ಪುಡಿ ಹಾಗೇ ಇತ್ತು. ಉಳಿದ ಪೊಟ್ಟಣ ಅಲ್ಲೇ ಬಿಟ್ಟು, ತಿರುಗಿ, ಅವ್ವ ಕಲಿಸಿದ ಹಾಗೆ ಮೂರು ಹೆಜ್ಜೆ ನಡೆದೆ. ಕರೆಯಲಿಲ್ಲ. ನಾಲ್ಕನೆಯದು. ಬಾಗಿಲು ಬಂತು. ಕರೆಯಲಿಲ್ಲ.

ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ಜಗತ್ತಿನಲ್ಲಿ ಅಪ್ಪ ದೋಕ್ತರ್ ಆಗಿದ್ದದ್ದು ಇದೊಂದೇ ಕಟ್ಟಡದಲ್ಲಿ. ಅದನ್ನೇ ಒಯ್ದು ಮಾರಿ ಬಂದಿದ್ದೆ, ಪ್ರತಿಯಾಗಿ ಏನೂ ಸಿಗದೆ. ರಾತ್ರಿ ಊಟಕ್ಕೆ ಗಲೀನಾ ಪೆತ್ರೋವ್ನಾ ಬರಲಿಲ್ಲ. ಅವರ ಖಾಲಿ ಕುರ್ಚಿ ನೋಡಿ ಅಪ್ಪ, "ಮೈಯಾಗ ಆರಾಮ ಇಲ್ಲೇನೋ," ಅಂದ. ನನ್ನ ತಟ್ಟೆಗೆ ಬಂದ ಬಿಸ್ಕತ್ತುಗಳನ್ನು ಅವತ್ತು ನಾನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಕೋಲಿನ ಸದ್ದು ಕೇಳಿದಾಗ ನಾನು ಗಂಜಿಯಿಂದ ತಲೆ ಎತ್ತಲಿಲ್ಲ. ಸದ್ದು ನಮ್ಮ ಹತ್ತಿರ ಬಂದು ನಿಂತಿತು.

"ದೋಬ್ರೊಯೆ ಉತ್ರೊ, ದೋಕ್ತರ್!"

ಎಂದಿಗಿಂತ ಜೋರಾಗಿ. ನಾಲ್ಕನೇ ನಂಬರಿನ ಮೇಜಿನವರೂ ತಿರುಗಿ ನೋಡುವಷ್ಟು. ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು, ಕೈಯಲ್ಲಿ ಪೇಟೆಗೆ ಹೋಗುವ ಚೀಲವಿತ್ತು. ಅಪ್ಪನ ಹತ್ತಿರ ನಿಂತು ಉದ್ದಕ್ಕೆ ಏನೇನೋ ದೂರು ಹೇಳಿದರು. ಅಪ್ಪ ಬಾಯಿತೆರೆದು ಕೇಳಿ, ಅವ್ವನ ಕಡೆ ತಿರುಗಿದ.

"ಕಾಲೇಜಿನ ಕಾಗದಪತ್ರ ಎಲ್ಲಾ ಹೊಸದಾಗಿ ಬರಿಯಾಕತ್ತಾರಂತ. ಹಳೇ ಹುಡುಗರಿಗೆಲ್ಲ ಹೊಸಾ ಸಿಕ್ಕಾ ಒತ್ತಿ ಕೊಡಬೇಕಂತ. ಇಲ್ಲಿಂದ ಲಂಡನ್‌ಗೆ ಕಳಸೋದು ತ್ರಾಸಂತ. 'ಬಾಸ್ಯಾ, ಹೆಂಗೂ ಬಂದೀದಿ, ಇವತ್ತ ನಡಿ, ನಿಂದೊಂದು ಮುಗಿಸಿ ಈ ಮುದುಕಿಗೆ ಉಪಕಾರ ಮಾಡು' ಅಂತಾರ."

"ಮಾಡ್ರಿ ಮತ್ತ," ಅಂದಳು ಅವ್ವ. "ಹಿರೇರು ಅಷ್ಟ ಕೇಳ್ಕೊಳ್ಳಾಕತ್ತಾರ."

ನಾನು ತಲೆ ಎತ್ತಿದೆ. ಗಲೀನಾ ಪೆತ್ರೋವ್ನಾ ನನ್ನ ಕಡೆ ನೋಡಲೇ ಇಲ್ಲ. ಕೊಡುವವರು ತಾವೇ ಬೇಡುವವರ ಜಾಗಕ್ಕೆ ಬಂದು ನಿಂತದ್ದನ್ನು ನಾನು ನೋಡಿದ್ದು ಅದೊಂದು ಸಲ. ಆಮೇಲೆ ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಇನ್ನೊಮ್ಮೆ ಕಂಡಿಲ್ಲ.

ಚಿಕಿತ್ಸೆ ಒಂದು ದಿನ ಬಿಟ್ಟು, ಆ ಕಾಲುನೋವಿನಲ್ಲಿ, ಅವರು ನಮ್ಮೊಂದಿಗೆ ಬಸ್ಸಿನಲ್ಲಿ ಗುಡ್ಡ ಹತ್ತಿ ಇಳಿದರು. ಕಾವಲುಗಾರನನ್ನು ಗದರಿಸಿ ಬಾಗಿಲು ತೆಗೆಸಿದರು. ಧೂಳು ಹಿಡಿದ ಆಫೀಸಿನಲ್ಲಿ ಹಳೆಯ ದಪ್ಪ ಪುಸ್ತಕ ತೆಗೆದು, ಆರು ವರ್ಷದ ಪಾಠಗಳನ್ನೆಲ್ಲ ಟೈಪು ಮಾಡಿದರು. ಕಬ್ಬಿಣದ ಕಪಾಟಿನಿಂದ ದುಂಡನೆಯ ಸಿಕ್ಕಾ ಬಂತು. ಮಸಿ ಒಣಗಿತ್ತು. ಅವರು ಅದನ್ನು ಬಾಯಿಯ ಹತ್ತಿರ ಹಿಡಿದು 'ಹಾ' ಎಂದು ಎರಡು ಸಲ ಊದಿ ಒತ್ತಿದರು. ಪಕ್ಕದಲ್ಲೇ ಬಗ್ಗಿ ನಿಂತಿದ್ದ ಅಪ್ಪ ಯಾಕೋ ತಿರುಗಿ ನನ್ನನ್ನು ನೋಡಿದ. ನಾನು ಕಿಟಕಿಯ ಆಚೆ ನೋಡಿದೆ.

ಬಸ್ ನಿಲ್ದಾಣದಲ್ಲಿ ಅವ್ವ ಅವರ ಹಣೆಗೆ ಕುಂಕುಮ ಇಟ್ಟಳು. ಅವರು ಹಣೆ ಮುಟ್ಟಿಕೊಳ್ಳುತ್ತಲೇ ಬಸ್ಸು ಹತ್ತಿ ತಮ್ಮ ಗಜ್ಜರಿ ಉಂಡೆಗಳ ಬಳಿಗೆ ಮರಳಿದರು. ಕಿಟಕಿಯಿಂದ ಬಗ್ಗಿ ಕೊನೆಯದಾಗಿ ಕೂಗಿದ್ದೂ ಅದೇ. ದೋಕ್ತರ್.

ಕಾಗದ ಸಮಯಕ್ಕೆ ತಲುಪಿತು. ಅಪ್ಪ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೆಯದರಲ್ಲಿ ಎದ್ದ. ಕ್ರೋಯ್ಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಗೇ ಮನೆ ಬದಲಾಯಿಸಿದೆವು. ಅಜ್ಜಿಗೆ ಬರೆಯುವ ಕಾಗದದಲ್ಲಿ ಅಪ್ಪನ ಸಾಲು ಉದ್ದವಾಯಿತು, ಅವ್ವ ಹೇಳಿ ಬರೆಸುವುದು ನಿಂತಿತು. ಪ್ರತಿ ಹೊಸ ವರ್ಷಕ್ಕೆ ಗಲೀನಾ ಪೆತ್ರೋವ್ನಾ ಅವರಿಂದ ಯಾಲ್ಟಾದ ಚಿತ್ರವಿದ್ದ ಒಂದು ಕಾರ್ಡು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ, ಅಪ್ಪ ಎರಡು ಕಾಗದ ಬರೆದು ಕಾದ. ಆಮೇಲೆ ಅವನು ರಷ್ಯನ್ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಈಜುಕೊಳ ಮನೆಯಿಂದ ಹತ್ತು ನಿಮಿಷದ ದಾರಿ. ಒಂದು ದಿನವೂ ಹೋಗಲಿಲ್ಲ. ಯಾವಾಗ ನೋಡಿದರೂ ಡ್ಯೂಟಿ. ನಾನು ಓದು ಅರ್ಧಕ್ಕೆ ಬಿಟ್ಟು, ಸಂತೆಬೀದಿಯಲ್ಲಿ ಒಂದು ಮೇಜು ಹಾಕಿ ಊದಿನಕಡ್ಡಿ, ಗಂಧದ ಸಾಬಾಣ ಮಾರಲು ನಿಂತಾಗ ಬೈಯದೆ ಇದ್ದವನು ಅವನೊಬ್ಬನೇ. "ಆಕಿಗೆ ಹತ್ತು ವರ್ಷದಾಕಿ ಇದ್ದಾಗಿಂದ ರೂಢಿ ಅದ," ಅಂದಿದ್ದ. ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಅರ್ಥವಾದದ್ದು ಯಾಲ್ಟಾಕ್ಕೆ ಹೋಗಿಬಂದ ಹನ್ನೆರಡು ವರ್ಷಕ್ಕೆ, ಅಪ್ಪ ತಾನೇ ಕೆಲಸ ಮಾಡಿದ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದ್ದಾಗ. ಒಂದು ಮಧ್ಯಾಹ್ನ ಸ್ಕ್ಯಾನಿಗೆ ಕರೆದೊಯ್ಯಲು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟೆ. ಲಿಫ್ಟಿನ ಬಾಗಿಲು ತೆರೆಯಿತು. ನಾನು ನೇರ ನುಗ್ಗಿಸಲು ಹೋದೆ.

"ತಿರುಗಿಸು," ಅಂದ ಅಪ್ಪ. "ಬೆನ್ನು ಮಾಡಿ ಒಳಗ ತಗೋ. ಇಲ್ಲಾಂದ್ರ ಗಾಲಿ ಸಂದ್ಯಾಗ ಸಿಕ್ಕೊಳ್ತಾವ. ಹಿಂಗೇನು ತಳ್ಳೋದು? ಗಲೀನಾ ಪೆತ್ರೋವ್ನಾಗ ಹೆಂಗ ತಳ್ಳಿ ತೋರಿಸಿದ್ದೀಯೋ, ದೇವರಿಗೇ ಗೊತ್ತು."

ನನ್ನ ಕೈ ಹಿಡಿಕೆಯ ಮೇಲೇ ನಿಂತಿತು. ಲಿಫ್ಟು ನಮ್ಮನ್ನು ಬಿಟ್ಟು ಹೋಯಿತು.

"ಯಾರು ಹೇಳಿದ್ರು ನಿನಗ? ಅವ್ವ ಹೇಳಿದಳೇನು?"

"ಯಾರೂ ಹೇಳಿಲ್ಲ. ನಿನಗ ಬರ್ತಿದ್ದದ್ದು ಇಪ್ಪತ್ತು ಶಬ್ದ, ಕಲಿಸಿದಾವ ನಾನ. ಗಾಲಿಕುರ್ಚಿ ಅದರಾಗ ಇರ್ಲಿಲ್ಲ. ಅಂದಮ್ಯಾಲ ಕೈಲೇ ಮಾಡಿ ತೋರಿಸಿರಬೇಕು."

"ನಾ ಹೋಗಿದ್ದೆ ಅಂತ ಹೆಂಗ ಗೊತ್ತಾತು?"

ಅಪ್ಪ ಹಿಂದೆ ತಿರುಗದೆ ನಕ್ಕ. ಯಾಲ್ಟಾದಲ್ಲಿ ನಕ್ಕ ಹಾಗೆ, ಭುಜ ಕುಣಿಸಿ. "ಸಿಕ್ಕಾ ಮ್ಯಾಲೆ ಊದಿದ್ರಲ್ಲ ಅವರು, ಹಾ ಅಂತ. ಆಫೀಸ್ ತುಂಬ ನಿಮ್ಮವ್ವನ ಶೇಂಗಾ ಚಟ್ನಿ ವಾಸನಿ. ಐದನೇ ನಂಬರಿನ ಮೇಜಿಗೆ ಬೆಳ್ಳುಳ್ಳಿ ಎಲ್ಲಿಂದ ಬರಬೇಕು?"

ಹನ್ನೆರಡು ವರ್ಷದಿಂದ ಬಚ್ಚಿಟ್ಟದ್ದು ಹೊರಬಿದ್ದ ಮೇಲೆ ಕೇಳಲು ಉಳಿದದ್ದು ಒಂದೇ. "ಸಿಟ್ಟ ಬಂದಿತ್ತಾ ಅಪ್ಪಾ?"

ಅಪ್ಪ ಕೈ ಚಾಚಿ ಲಿಫ್ಟಿನ ಗುಂಡಿ ಒತ್ತಿದ. "ಎರಡು ಸಲ ಫೇಲಾದಾಗ ಬಿಟ್ಟುಬಿಡೂಣು ಅನಿಸಿತ್ತು. ಆದ್ರ ಅವರು ನೀ ಹೋಗಿ ಬಂದ ಮರುದಿನ ಮುಂಜಾನೆ, ಎಲ್ಲಾ ಗೊತ್ತಿದ್ದೂ, ಊಟದ ಮನಿ ಮಂದಿ ಎಲ್ಲಾ ಕೇಳೂಹಂಗ ದೋಕ್ತರ್ ಅಂದಿದ್ರಲ್ಲ. ಅವರ ಮಾತು ಸುಳ್ಳ ಆಗಬಾರದು ಅಂತ ಮೂರನೇ ಸಲ ಕೂತೆ." ಆಮೇಲೆ ಕೈ ಹಿಂದೆ ಚಾಚಿ ನನ್ನ ಬೆರಳು ತಟ್ಟಿದ. "ಲಿಫ್ಟ್ ಬಂತು. ಬೆನ್ನ ಮಾಡು."

ಬೆನ್ನು ಮಾಡಿ ತಗೊಂಡೆ. ಅದಾದ ಮೇಲೆ ಅಪ್ಪ ಬಹಳ ದಿನ ಇರಲಿಲ್ಲ.

ಈಗ ನನ್ನವು ಎರಡು ಅಂಗಡಿ. ಒಂದರಲ್ಲಿ ಉಳ್ಳಾಗಡ್ಡಿಯನ್ನೂ ಮಾರುತ್ತೇನೆ, ಎಲ್ಲವೂ ಕಣ್ಣೀರು ತರಿಸುವಂಥವೇ. ನೇರಳೆ ಬಣ್ಣದ, ಚಪ್ಪಟೆ, ಸೇಬಿನಂಥದ್ದು ಯಾರ ಹತ್ತಿರ ಎಷ್ಟು ಚೌಕಾಸಿ ಮಾಡಿದರೂ ಸಿಗಲಿಲ್ಲ. ಯಾಲ್ಟಾದ ಕಡೆಗೆ ಮತ್ತೆ ಹೋಗುವುದಾಗಲಿಲ್ಲ. ಅವ್ವ ಈಗ ಒಬ್ಬಳಿಗಾಗಿ ರೊಟ್ಟಿ ತಟ್ಟುವ ಗೊಡವೆಗೆ ಹೋಗುವುದಿಲ್ಲ, ನಾನು ಪ್ಯಾಕೆಟ್ಟಿನದು ಒಯ್ದು ಕೊಡುತ್ತೇನೆ. ನಿಮ್ಮ ಹಿರಿಯರು ಇನ್ನೂ ಇದ್ದರೆ, ಅವರಿಗೆ ಈಸು ಬರುತ್ತದೋ ಇಲ್ಲವೋ ಒಮ್ಮೆ ಕೇಳಿಡಿ. ನನ್ನಿಂದ ತಗೊಳ್ಳಬೇಕಾದ ಸಲಹೆ ಇದೊಂದೇ.

ಆ ಕಾಗದ ನನ್ನ ಹತ್ತಿರವಿದೆ. ಲಂಡನ್ನಿನ ಆಫೀಸಿನವರು ನಕಲು ಇಟ್ಟುಕೊಂಡು ಮೂಲ ಹಿಂದಿರುಗಿಸಿದ್ದರು. ಮೊನ್ನೆ ಅಪ್ಪನ ಪೆಟ್ಟಿಗೆ ತೆಗೆದಾಗ ಕೈಗೆ ಬಂತು. ದುಂಡನೆಯ ನೀಲಿ ಸಿಕ್ಕಾ, ಒಂದು ಅಂಚು ಸ್ವಲ್ಪ ಮಸುಕು. ಬಾಗಿಲು ಮುಚ್ಚಿಕೊಂಡು, ಯಾರೂ ಇಲ್ಲವೆಂದು ನೋಡಿ, ಅದನ್ನು ಮೂಗಿಗೆ ಹಿಡಿದೆ.

ಹಳೆಯ ಕಾಗದದ ವಾಸನೆ. ಅಷ್ಟೇ.